ಎಡಗಡೆಯ ಬ್ರೇಕು

ನನಗೆ ಸೈಕಲ್ ಬರುವುದಿಲ್ಲ. ಲಾರಿಯ ಗೇರು ಎಲ್ಲಿರುತ್ತದೆ ಎಂದು ತಿಳಿದದ್ದೇ ಮೂವತ್ತು ದಾಟಿದ ಮೇಲೆ. ಆದರೂ ಒಂದು ಕಾಲಕ್ಕೆ ಹೈದರಾಬಾದಿನಲ್ಲಿ ಲಾರಿ ಕಲಿಸುವ ಶಾಲೆಗಳಲ್ಲಿ ಯಾವುದು ಎಂಥದ್ದು ಎಂದು ನನ್ನಷ್ಟು ಖಚಿತವಾಗಿ ಹೇಳಬಲ್ಲವರು ಇರಲಿಲ್ಲ. ಒಂದು ತಿಂಗಳು ಬಸ್ಸು ಹತ್ತಿ ಇಳಿದು, ಧೂಳು ತಿಂದು, ಆ ಶಾಲೆಗಳನ್ನೆಲ್ಲ ನೋಡಿ ಬಂದಿದ್ದೆ. ನೋಡಿದ್ದನ್ನೆಲ್ಲ ಒಂದು ನೋಟುಬುಕ್ಕಿನಲ್ಲಿ ಗೆರೆ ಹೊಡೆದು ಬರೆದಿಟ್ಟಿದ್ದೆ. ಅದರ ತುಂಬ ಬೈಗುಳವೇ ಇತ್ತು, ಮತ್ತು ಒಂದೊಂದು ಬೈಗುಳವೂ ನ್ಯಾಯವಾದದ್ದು ಎಂದು ಆಗ ನಂಬಿದ್ದೆ.

ಹೈದರಾಬಾದು ಇನ್ನೂ ಇಡೀ ಆಂಧ್ರಪ್ರದೇಶದ ರಾಜಧಾನಿಯಾಗಿದ್ದ ಕಾಲ. ನಾನು ಸರ್ಕಾರಿ ಕಚೇರಿಯೊಂದರಲ್ಲಿ ಟೈಪಿಸ್ಟ್. ಶ್ರೀಕಾಕುಳದಿಂದ ಅನಂತಪುರದವರೆಗಿನ ದೂರು, ಅರ್ಜಿ, ತಕರಾರುಗಳೆಲ್ಲ ನನ್ನ ಟೇಬಲ್ಲಿನ ಮೇಲಿಂದ ಹಾದು ಹೋಗುತ್ತಿದ್ದವು. ಅಪ್ಪ ಬಾಲಾನಗರದ ಒಂದು ಕೇಂದ್ರ ಸರ್ಕಾರದ ಕಾರ್ಖಾನೆಯಲ್ಲಿ ಸ್ಟೋರ್‌ಕೀಪರ್ ಆಗಿದ್ದರು. ಕಲಬುರ್ಗಿ ಕಡೆಯಿಂದ ಬಂದು, ಕಾರ್ಖಾನೆ ಕೊಟ್ಟ ಕ್ವಾರ್ಟರ್ಸಿನಲ್ಲೇ ನಮ್ಮನ್ನು ಬೆಳೆಸಿದವರು, ನಿವೃತ್ತಿಗೆ ನಾಲ್ಕು ವರ್ಷ ಇರುವಾಗ ತೀರಿಕೊಂಡರು. ಮನೆಯಲ್ಲಿ ಉಳಿದದ್ದು ಅವ್ವ, ನಾನು ಮತ್ತು ನನಗಿಂತ ಎಂಟು ವರ್ಷ ಚಿಕ್ಕವನಾದ ತಮ್ಮ. ಅವನು ಬಿ.ಕಾಂ.ನಲ್ಲಿ ಒಂದು ಪೇಪರು ಬಾಕಿ ಇಟ್ಟುಕೊಂಡು, ಆ ಪೇಪರನ್ನು ನೆನಪಿಸಿದವರ ಮೇಲೆ ಮುನಿಸಿಕೊಂಡು ದಿನ ಕಳೆಯುತ್ತಿದ್ದ.

ಸೇವೆಯಲ್ಲಿದ್ದಾಗ ಸತ್ತವರ ಮಕ್ಕಳಲ್ಲಿ ಒಬ್ಬರಿಗೆ ಅನುಕಂಪದ ಮೇಲೆ ಕೆಲಸ ಕೊಡುವ ಪದ್ಧತಿ ಕಾರ್ಖಾನೆಯಲ್ಲಿತ್ತು. ತಮ್ಮನ ಹೆಸರಿನಲ್ಲಿ ಅರ್ಜಿ ಬರೆದವಳೂ ನಾನೇ, ಟೈಪ್ ಮಾಡಿದವಳೂ ನಾನೇ. ಕ್ಲಾರ್ಕ್ ಕೆಲಸ ಕೇಳಿದ್ದೆ. ಉತ್ತರ ಬಂತು. ಕ್ಲಾರ್ಕ್ ಹುದ್ದೆ ಖಾಲಿ ಇಲ್ಲ, ಲಾರಿ ಡ್ರೈವರ್ ಹುದ್ದೆ ಖಾಲಿ ಇದೆ. ಆರು ತಿಂಗಳೊಳಗೆ ಭಾರಿ ವಾಹನದ ಲೈಸೆನ್ಸ್ ತಂದು, ಕಾರ್ಖಾನೆಯ ಆವರಣದಲ್ಲಿ ಲಾರಿ ಓಡಿಸಿ ತೋರಿಸಿದರೆ ಕೆಲಸ. ಅಲ್ಲಿಯವರೆಗೆ ಕ್ವಾರ್ಟರ್ಸಿನಲ್ಲಿ ಇರಬಹುದು. ಇಲ್ಲವಾದರೆ ಮನೆ ಖಾಲಿ ಮಾಡಬೇಕು.

ನಮ್ಮ ಕಾಕಾ, ಅಂದರೆ ಅಪ್ಪನ ತಮ್ಮ, ಲೆಕ್ಕಪರಿಶೋಧನೆ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು. ಆ ಕಾಗದವನ್ನು ಮೂರು ಸಲ ಓದಿ ಕನ್ನಡಕ ತೆಗೆದರು.

"ನಮ್ಮ ಮನಿತನದಾಗ ಯಾರೂ ಸ್ಟಿಯರಿಂಗ್ ಹಿಡದವರಲ್ಲ ಯವ್ವಾ."

"ಹಿಡೀಲಿಲ್ಲಂದ್ರ ಆರು ತಿಂಗಳಿಗೆ ಗಂಟು ಮೂಟಿ ಕಟ್ಟಬೇಕಾಗತೈತ್ರಿ ಕಾಕಾ" ಎಂದೆ.

ಅವ್ವ ಪಕ್ಕದ ಮನೆಯವರಿಗೆ "ನಮ್ಮ ಹುಡುಗಗ ಟ್ರಾನ್ಸ್‌ಪೋರ್ಟ್ ಸೆಕ್ಷನ್ನಿನ್ಯಾಗ ಆಗತೈತಿ" ಎಂದು ಹೇಳಿಕೊಂಡು ಬಂದಳು. ಡ್ರೈವರ್ ಎಂಬ ಶಬ್ದ ನಮ್ಮ ಮನೆಯಲ್ಲಿ ತಿಂಗಳುಗಟ್ಟಲೆ ಯಾರ ಬಾಯಿಂದಲೂ ಬರಲಿಲ್ಲ. ಕೆಲಸ ಬೇಕು, ಮನೆ ಬೇಕು, ಆ ಕೆಲಸದ ಹೆಸರು ಮಾತ್ರ ಬೇಡ. ಇಂಥ ಒಣ ಜಂಬದಲ್ಲಿ ನಮ್ಮವರನ್ನು ಮೀರಿಸುವವರಿಲ್ಲ. ನಾನು ಅವರಿಗಿಂತ ಬೇರೆ ಎಂದುಕೊಂಡಿದ್ದೆ, ಏಕೆಂದರೆ ನಾನು ನೋಟುಬುಕ್ಕು ತೆಗೆದುಕೊಂಡು ಕೆಲಸಕ್ಕೆ ಇಳಿದಿದ್ದೆ.

ತಮ್ಮನ ಹತ್ತಿರ ಕಾರಿನ ಲೈಸೆನ್ಸ್ ಇತ್ತು. ಕಾಲೇಜಿನಲ್ಲಿದ್ದಾಗ ಗೆಳೆಯರ ಜೊತೆ ಹದಿನೈದು ದಿನ ಕಲಿತು ತೆಗೆದದ್ದು. ಆಮೇಲೆ ಅವನು ಸ್ಟಿಯರಿಂಗ್ ಮುಟ್ಟಿರಲಿಲ್ಲ. ಆ ಲೈಸೆನ್ಸು ಅವನ ಪರ್ಸಿನಲ್ಲಿ ಹಳೆಯ ಸಿನಿಮಾ ಟಿಕೆಟ್ಟುಗಳ ಜೊತೆ ಮಲಗಿತ್ತು. ಹಾಗಾಗಿ ಅವನಿಗೆ ಎಲ್ಲ ಮೊದಲಿನಿಂದ ಕಲಿಸುವ ಶಾಲೆ ಬೇಕಿತ್ತು. ಒಳ್ಳೆಯ ಶಾಲೆ ಹೇಗಿರಬೇಕು ಎಂದು ನನಗೆ ಗೊತ್ತಿತ್ತು. ಅಂದರೆ ಮಕ್ಕಳ ಶಾಲೆ ಹೇಗಿರಬೇಕು ಎಂದು ಗೊತ್ತಿತ್ತು. ನೋಟುಬುಕ್ಕಿನಲ್ಲಿ ಅದೇ ಪ್ರಕಾರ ಕಾಲಂ ಹಾಕಿದೆ: ಕಟ್ಟಡ, ಗುರುಗಳ ಓದು, ಅಚ್ಚು ಹಾಕಿಸಿದ ಪಾಠಪಟ್ಟಿ ಉಂಟೋ ಇಲ್ಲವೋ, ಶಿಸ್ತು, ಸುರಕ್ಷತೆ.

ಮೊದಲು ಹೋದದ್ದು ಮಿಯಾಪುರದ ಆಚೆ. ಆಗ ಅಲ್ಲಿ ಮೆಟ್ರೋ ಇಲ್ಲ, ಎತ್ತರದ ಮನೆಗಳಿಲ್ಲ, ಬೊಂಬಾಯಿ ರಸ್ತೆಯ ಪಕ್ಕ ಬಯಲು. ಬಯಲಿನ ನಡುವೆ ಇಟ್ಟಿಗೆ ಪೇರಿಸಿ ಅದರ ಮೇಲೆ ಗಾಲಿಯಿಲ್ಲದ ಲಾರಿಯೊಂದನ್ನು ಕೂರಿಸಿದ್ದರು. ಅದರೊಳಗೆ ಒಬ್ಬ ದೊಡ್ಡ ಮನುಷ್ಯ ಗಂಭೀರವಾಗಿ ಸ್ಟಿಯರಿಂಗ್ ತಿರುಗಿಸುತ್ತಿದ್ದ, ಹಾರ್ನ್ ಕೂಡ ಹೊಡೆಯುತ್ತಿದ್ದ. ಅಡಿಯಲ್ಲಿ ಒಂದು ಮೇಕೆ ಹುಲ್ಲು ತಿನ್ನುತ್ತಿತ್ತು. ಮೊದಲ ತಿಂಗಳು ಹೀಗೆಯೇ, ಎರಡನೆಯ ತಿಂಗಳು ಗಾಲಿ ಬರುತ್ತದೆ ಎಂದು ಮಾಲೀಕ ತೆಲುಗಿನಲ್ಲಿ ಹೇಳಿದ. ನಾನು ಮೇಕೆಗೆ ನಮಸ್ಕಾರ ಮಾಡಿ ಬಂದೆ.

ಬಾಲಾನಗರದಲ್ಲೇ ಇದ್ದ ಇನ್ನೊಂದು ಶಾಲೆಯ ಗುರು ಶಿಷ್ಯರನ್ನು ಕರೆಯುತ್ತಿದ್ದದ್ದು ಅವರ ತಾಯಂದಿರನ್ನು ನೆನೆಸಿಕೊಂಡು. ಪ್ರತಿ ಗೇರಿಗೆ ಒಂದು ಹೊಸ ಬೈಗುಳ. ಐದನೆಯ ಗೇರಿನ ಹೊತ್ತಿಗೆ ನಾನು ಕಿವಿ ಮುಚ್ಚಿಕೊಂಡು ಮನೆಯ ದಾರಿ ಹಿಡಿದಿದ್ದೆ. ಇವೆರಡರ ಬಗ್ಗೆ ಇವತ್ತಿಗೂ ನನ್ನ ಅಭಿಪ್ರಾಯ ಬದಲಾಗಿಲ್ಲ.

ಮೂರನೆಯದು ನಾಚಾರಂ. ಅಪ್ಪನನ್ನು ಬಲ್ಲ ಕಾರ್ಖಾನೆಯ ಒಬ್ಬ ಹಳೆಯ ಡ್ರೈವರು ತಮ್ಮನಿಗೆ ಗುಟ್ಟಾಗಿ ಹೇಳಿದ ಜಾಗ ಅದು. ಸಣ್ಣ ಸಣ್ಣ ಕಾರ್ಖಾನೆಗಳ ಹಿಂದೆ, ಒಂದು ಗೋದಾಮಿನ ಪಕ್ಕದ ಖಾಲಿ ಜಾಗ. ಬೋರ್ಡಿಲ್ಲ, ಕೋಣೆಯಿಲ್ಲ, ಕೂರಲು ಕುರ್ಚಿಯೂ ಇಲ್ಲ. ಬಣ್ಣ ಎಷ್ಟು ಸಲ ಬಳಿದಿದ್ದಾರೋ ಲೆಕ್ಕಕ್ಕೆ ಸಿಗದ ಒಂದು ಲಾರಿ, ಅದರ ನೆರಳಿನಲ್ಲಿ ಎಲೆ ಅಡಿಕೆ ಜಗಿಯುತ್ತ ಕುಕ್ಕರಗಾಲಿನಲ್ಲಿ ಕೂತ ಒಬ್ಬ ಮುದುಕ. ಎಲ್ಲರೂ ಅವನನ್ನು ಉಸ್ತಾದ್ ಎನ್ನುತ್ತಿದ್ದರು.

ಇಲ್ಲಿ ನಮ್ಮವರ ಒಂದು ಚಾಳಿಯನ್ನು ಹೇಳಬೇಕು. ಹೊಸಿಲು ದಾಟಿದರೆ ನಾವು ತೆಲುಗರ ಜೊತೆ ತೆಲುಗು, ಉಳಿದವರ ಜೊತೆ ಹಿಂದಿ. ಕನ್ನಡವನ್ನು ಹೊರಗೆ ಬಳಸುತ್ತಿದ್ದದ್ದು ಒಂದೇ ಕೆಲಸಕ್ಕೆ, ಎದುರಿಗಿದ್ದವರನ್ನು ಅವರ ಎದುರಿಗೇ ಆಡಿಕೊಳ್ಳಲು. ಸೀರೆ ಅಂಗಡಿಯಲ್ಲಿ, ಬಸ್ಸಿನಲ್ಲಿ, ಆಸ್ಪತ್ರೆಯ ಸಾಲಿನಲ್ಲಿ, "ಇವನ ಮಾರಿ ನೋಡು" ಎಂದು ಮುಖದ ಮೇಲೆ ನಗು ಇಟ್ಟುಕೊಂಡು ಹೇಳಿಬಿಡುವುದು. ಅಪ್ಪನೂ ಹಾಗೆ ಮಾಡುತ್ತಿದ್ದರು, ಅವ್ವನೂ ಮಾಡುತ್ತಿದ್ದಳು. ನಾನಂತೂ ಅದರಲ್ಲಿ ನಿಪುಣೆ.

ಉಸ್ತಾದನಿಗೆ ಹಿಂದಿಯಲ್ಲಿ ಬಂದ ಕಾರಣ ಹೇಳಿದೆ. ಅವನು ನನ್ನ ಮಾತು ಮುಗಿಯುವ ಮೊದಲೇ ತಮ್ಮನನ್ನು ಲಾರಿ ಹತ್ತಿಸಿ, ಡ್ರೈವರ್ ಸೀಟಿನಲ್ಲಿ ಕೂರಿಸಿ, ಇಂಜಿನ್ ಚಾಲೂ ಮಾಡಿ ಇಳಿದು ಎಲ್ಲಿಗೋ ಹೋಗಿಬಿಟ್ಟ. ಆಗಲೇ ನಾನು ಕೆಳಗೆ ನಿಂತು ಕನ್ನಡದಲ್ಲಿ ಗಟ್ಟಿಯಾಗಿ ಅಂದೆ: "ಈ ಮುದುಕಗ ತನ್ನ ಹಲ್ಲ ಸಂಭಾಳಿಸಾಕ ಆಗವಲ್ಲದು, ಇವ ಏನ್ ಲಾರಿ ಕಲಸ್ತಾನೋ!" ತಮ್ಮ ಮೇಲಿನಿಂದ ಬಾಯಿ ಮೇಲೆ ಬೆರಳಿಟ್ಟು ಸನ್ನೆ ಮಾಡಿದ.

ಅಷ್ಟರಲ್ಲಿ ಉಸ್ತಾದನ ಕೂಗು ಕೇಳಿತು. ನಾನು ಎಲ್ಲಿದ್ದೇನೆ ಹೇಳು ಎಂದು ಹಿಂದಿಯಲ್ಲಿ ಕೇಳುತ್ತಿದ್ದ. ತಮ್ಮ ಬಲಗಡೆಯ ಕನ್ನಡಿ ನೋಡಿದ, ಎಡಗಡೆಯದು ನೋಡಿದ, ಕತ್ತು ಹೊರಗೆ ಹಾಕಿ ನೋಡಿದ. ಎಲ್ಲೂ ಕಾಣಲಿಲ್ಲ. "ಇಳಿದು ನೋಡು" ಎಂದಿತು ಧ್ವನಿ. ಇಳಿದು ನೋಡಿದರೆ ಉಸ್ತಾದ್ ಲಾರಿಯ ಬೆನ್ನಿಗೆ ಬೆನ್ನು ಆನಿಸಿ, ಗಾಲಿಗಳ ನಡುವೆ ಸರಿಯಾಗಿ ನಿಂತಿದ್ದ. ತಮ್ಮನ ಮುಖ ಬಿಳಿಚಿಕೊಂಡಿತು. ಒಂದು ತಿಂಗಳವರೆಗೆ ತನ್ನ ಶಿಷ್ಯರು ಲಾರಿ ಹಿಂದಕ್ಕೆ ತೆಗೆಯುವ ಮೊದಲು ಪ್ರತಿ ಸಲವೂ ಇಳಿದು ಹೋಗಿ ನೋಡಿ ಬರಬೇಕು, ಅದೇ ಮೊದಲ ಪಾಠ ಎಂದ ಉಸ್ತಾದ್. ನನಗೆ ಅದು ಗಾರುಡಿಗರ ಆಟದ ಹಾಗೆ ಕಂಡಿತು.

ನಾನು ನೋಟುಬುಕ್ಕು ತೆರೆದು ಪ್ರಶ್ನೆ ಶುರು ಮಾಡಿದೆ. ಪಾಠಪಟ್ಟಿ ಇದೆಯೇ? ಎಷ್ಟು ದಿನ? ಸರ್ಟಿಫಿಕೇಟು ಕೊಡುವಿರೋ? ಇವನಿಗೆ ಬೇಗ ಗಾಬರಿಯಾಗುತ್ತದೆ, ಆಗ ಏನು ಮಾಡುತ್ತೀರಿ? ಇವನಿಗೆ ಬಿಸಿಲು ತಡೆಯುವುದಿಲ್ಲ, ಬೆಳಗಿನ ಹೊತ್ತೇ ಆಗಬೇಕು. ಉಸ್ತಾದ್ ತಮ್ಮನನ್ನು ಒಂದು ಮಾತು ಕೇಳಿದರೆ ಉತ್ತರ ನಾನೇ ಕೊಡುತ್ತಿದ್ದೆ. ನಾಲ್ಕೈದು ಸಲ ಹೀಗಾದ ಮೇಲೆ ಅವನು ಎಲೆ ಅಡಿಕೆ ಉಗುಳಿ, ಬಾಯಿ ಒರೆಸಿಕೊಂಡು, ದಖ್ಖನಿ ಉರ್ದುವಿನಲ್ಲಿ ಕೇಳಿದ: "ಬಾಯಿ, ಗಾಡಿ ಆಪ್ ಸೀಖ್ತೇ ಕಿ ಇನೋ?" ಅಮ್ಮಾ, ಲಾರಿ ಕಲಿಯುವವರು ನೀವೋ ಇವರೋ ಎಂದು.

ನೋಟುಬುಕ್ಕಿನಲ್ಲಿ ನಾಚಾರಮಿನ ಎದುರಿಗೆ ನಾನು ಬರೆದದ್ದು ಎರಡೇ ಶಬ್ದ: ಶಿಸ್ತು ಇಲ್ಲ.

ಕೊನೆಗೆ ಶಾಲೆ ಸಿಕ್ಕಿದ್ದು ಕಾಕಾನಿಂದ. ಕನ್ನಡ ಸಂಘದ ನಾಡಹಬ್ಬದಲ್ಲಿ ಉಪ್ಪಿಟ್ಟು ತಿನ್ನುತ್ತ ನಿಂತಾಗ ಕಾಕಾನಿಗೆ ಒಬ್ಬರ ಪರಿಚಯವಾಗಿತ್ತು. ಅಮೀರ್‌ಪೇಟೆಯಲ್ಲಿ ಅವರದು ಡ್ರೈವಿಂಗ್ ಶಾಲೆ, ಧಾರವಾಡದ ಕಡೆಯವರು, "ನಮ್ಮವರ ಅದಾರ". ಲಾರಿ ಕಲಿಯಲು ಶಾಲೆ ಹುಡುಕುವವರು ಡ್ರೈವರುಗಳನ್ನು ಕೇಳಬೇಕು. ನಾವು ಸಾಹಿತ್ಯದಲ್ಲಿ ಆಸಕ್ತಿಯಿದ್ದ ಒಬ್ಬ ನಿವೃತ್ತ ಲೆಕ್ಕಿಗನನ್ನು ಕೇಳಿದೆವು.

ಶಾಲೆ ನೋಡಿದ ತಕ್ಷಣ ನನಗೆ ಮನಸ್ಸು ತುಂಬಿತು. ಮೊದಲ ಮಹಡಿಯಲ್ಲಿ ಕೋಣೆ, ಬೆಂಚು, ಕಪ್ಪು ಹಲಗೆ, ಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಇಂಜಿನ್ನಿನ ಚಿತ್ರ. ಹಾಜರಿ ಪುಸ್ತಕ. ಅಚ್ಚು ಹಾಕಿದ ಪಾಠಪಟ್ಟಿ. ಮಾಲೀಕರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ನನ್ನ ಪ್ರತಿ ಪ್ರಶ್ನೆಗೂ ನನ್ನ ಮುಖ ನೋಡಿಯೇ ಉತ್ತರ ಹೇಳಿದರು. ಕೊನೆಗೆ ಕೆಳಗೆ ಕರೆದುಕೊಂಡು ಹೋಗಿ ತೊಳೆದು ನಿಲ್ಲಿಸಿದ್ದ ಲಾರಿಯ ಬಾಗಿಲು ತೆರೆದರು.

"ನೋಡ್ರಿ ಮೇಡಂ, ಡಬಲ್ ಕಂಟ್ರೋಲ್. ಕಲಿಯೋರ ಹತ್ರ ಹ್ಯಾಂಗ ಕ್ಲಚ್ಚು ಬ್ರೇಕು ಅದಾವೋ, ಹಂಗ ಎಡಗಡೆ ಕೂಡೋ ನಮ್ಮ ಮಾಸ್ತರ ಕಾಲಾಗೂ ಅದಾವು. ಹುಡುಗ ತಪ್ಪಿದರ ಮಾಸ್ತರು ಒತ್ತತಾರ. ಏನೂ ಆಗಂಗಿಲ್ಲ."

ಆ ಎಡಗಡೆಯ ಬ್ರೇಕನ್ನು ನಾನು ಬಗ್ಗಿ ನೋಡಿದೆ. ಒತ್ತಿ ಒತ್ತಿ ಅದರ ಕಬ್ಬಿಣ ಹೊಳೆಯುತ್ತಿತ್ತು. ಬಲಗಡೆಯದು ಮಾಸಿದ ಬಣ್ಣದಲ್ಲೇ ಇತ್ತು. ಅದರ ಅರ್ಥ ಏನೆಂದು ಕಣ್ಣಿದ್ದ ಯಾರಿಗಾದರೂ ತಿಳಿಯಬೇಕಿತ್ತು. ನಾನು ಸುರಕ್ಷತೆಯ ಕಾಲಮ್ಮಿನಲ್ಲಿ "ಭಾಳ ಛಲೋ" ಎಂದು ಬರೆದು ಅಡಿಗೆರೆ ಹಾಕಿದೆ.

"ಅಕ್ಕಾ, ಆ ನಾಚಾರಮಿನ…" ಎಂದು ತಮ್ಮ ಶುರು ಮಾಡಿದ.

"ನೀ ಸುಮ್ಮನಿರು" ಎಂದೆ.

ಎರಡು ತಿಂಗಳು ಎಲ್ಲ ಹೂವೆತ್ತಿದಷ್ಟು ಸಲೀಸಾಗಿ ನಡೆಯಿತು. ತಮ್ಮ ಮೊದಲ ದಿನವೇ ಪಂಜಗುಟ್ಟದವರೆಗೆ ಓಡಿಸಿ ಬಂದ. ಮೂರನೆಯ ದಿನ ಸಂಜೆಯ ಗದ್ದಲದಲ್ಲಿ ಓಡಿಸಿದ. ಗಾಡಿ ಒಮ್ಮೆಯೂ ಜರ್ಕ್ ಹೊಡೆಯಲಿಲ್ಲ, ಒಮ್ಮೆಯೂ ನಿಲ್ಲಲಿಲ್ಲ. "ನನಗ ಇದು ಹುಟ್ಟಾನ ಬರತಿತ್ತು ಅನಸತೈತಿ ಅಕ್ಕಾ" ಎಂದ. ಬಿ.ಕಾಂ. ಪೇಪರಿನ ನಂತರ ಮೊದಲ ಸಲ ಅವನ ಮುಖದಲ್ಲಿ ಗೆಲುವು ಕಂಡಿದ್ದೆ. ಒಂದು ದಿನ ನಾನೇ ಹೋಗಿ ರಸ್ತೆಯ ಪಕ್ಕ ನಿಂತು ನೋಡಿದೆ. ಆ ದೊಡ್ಡ ಲಾರಿ ಮೆಲ್ಲಗೆ ತಿರುವಿನಲ್ಲಿ ಬಂತು, ಮೇಲೆ ನನ್ನ ತಮ್ಮ, ಪಕ್ಕದಲ್ಲಿ ಕೈಕಟ್ಟಿ ಕೂತ ಮಾಸ್ತರು. ಕೈ ಕಟ್ಟಿದ್ದಾರೆ, ಎಂದರೆ ಇವನೇ ಓಡಿಸುತ್ತಿದ್ದಾನೆ ಎಂದು ನಾನು ಹಿಗ್ಗಿದೆ. ಅವರ ಕಾಲು ನನಗೆ ಕಾಣುತ್ತಿರಲಿಲ್ಲ. ಲೈಸೆನ್ಸ್ ಪರೀಕ್ಷೆಯೂ ಅದೇ ಲಾರಿಯಲ್ಲಿ, ಅದೇ ಮಾಸ್ತರು ಪಕ್ಕದಲ್ಲಿದ್ದಾಗಲೇ ಮುಗಿಯಿತು. ಅವ್ವ ಹೋಳಿಗೆ ಮಾಡಿದಳು. ಕಾಕಾ ಎರಡು ಹೋಳಿಗೆ ತಿಂದು, ಇದಕ್ಕೆಲ್ಲ ನಾಡಹಬ್ಬವೇ ಕಾರಣ ಎಂದರು.

ಕಾರ್ಖಾನೆಯ ಪರೀಕ್ಷೆಯ ದಿನ ನಾನು ರಜೆ ಹಾಕಿ ಗೇಟಿನ ಹೊರಗೆ ನಿಂತೆ. ಕಬ್ಬಿಣದ ಸರಳುಗಳ ನಡುವೆ ಒಳಗಿನದೆಲ್ಲ ಕಾಣುತ್ತಿತ್ತು. ಕಾರ್ಖಾನೆಯದೇ ಲಾರಿ. ಗೇಟಿನಿಂದ ಸ್ಟೋರಿನವರೆಗೆ ಓಡಿಸಿ, ತಿರುಗಿಸಿ, ಸಾಮಾನು ಇಳಿಸುವ ಕಟ್ಟೆಗೆ ಹಿಂದಿನಿಂದ ಹೋಗಿ ನಿಲ್ಲಿಸಬೇಕು. ಅಪ್ಪ ಇಪ್ಪತ್ತು ವರ್ಷ ಕೈಯಲ್ಲಿ ಪಟ್ಟಿ ಹಿಡಿದು ನಿಂತಿದ್ದ ಕಟ್ಟೆ ಅದು. ಅಪ್ಪನ ಜೊತೆ ದುಡಿದವರೆಲ್ಲ ಕೆಲಸ ಬಿಟ್ಟು ಅದರ ಮೇಲೆ ಬಂದು ನಿಂತಿದ್ದರು, ಗೆಳೆಯನ ಹುಡುಗನ ಕೆಲಸ ಆಗಲಿ ಎನ್ನುವ ಆಸೆಯಿಂದ.

ಲಾರಿ ಒಮ್ಮೆ ಕುಪ್ಪಳಿಸಿ ನಿಂತಿತು. ತಮ್ಮ ಮತ್ತೆ ಚಾಲೂ ಮಾಡಿದ. ಮತ್ತೆ ಕುಪ್ಪಳಿಸಿ ನಿಂತಿತು. ಅವನು ತನ್ನ ಎಡಕ್ಕೆ ನೋಡಿದ್ದು ನನಗೆ ಗೇಟಿನಿಂದಲೇ ಕಂಡಿತು. ಅಲ್ಲಿ ಮಾಸ್ತರು ಇರಲಿಲ್ಲ. ಟ್ರಾನ್ಸ್‌ಪೋರ್ಟಿನ ಮುಖ್ಯಸ್ಥರು ಹೊರಗೆ ನಿಂತಿದ್ದರು. ಹೇಗೋ ಸ್ಟೋರಿನವರೆಗೆ ಎಳೆದುಕೊಂಡು ಹೋಗಿ ಹಿಂದಕ್ಕೆ ತೆಗೆಯಲು ಹೋದ. ಲಾರಿ ಸೊಟ್ಟಗೆ ಹೋಗಿ ಕಟ್ಟೆಯ ಪಕ್ಕ ಪೇರಿಸಿದ್ದ ಖಾಲಿ ಡ್ರಮ್ಮುಗಳನ್ನು ಕೆಡವಿತು. ಯಾರಿಗೂ ಪೆಟ್ಟಾಗಲಿಲ್ಲ. ಡ್ರಮ್ಮುಗಳು ಉರುಳುವ ಸದ್ದು ಮಾತ್ರ ಎಷ್ಟೋ ಹೊತ್ತು ನಿಲ್ಲಲಿಲ್ಲ. ಕಟ್ಟೆಯ ಮೇಲಿದ್ದವರು ಒಬ್ಬೊಬ್ಬರಾಗಿ ಒಳಗೆ ಹೋದರು.

ಮುಖ್ಯಸ್ಥರು ಒಳ್ಳೆಯ ಮನುಷ್ಯ. ಅಪ್ಪನ ನೆನಪಿಗೆ ಇನ್ನೊಂದು ಅವಕಾಶ ಕೊಟ್ಟರು. ಒಂದು ತಿಂಗಳು ಬಿಟ್ಟು ಬಾ, ಅದೇ ಕೊನೆ ಎಂದರು. ತಮ್ಮ ಗೇಟಿನಿಂದ ಹೊರಗೆ ಬಂದು ನನ್ನನ್ನು ದಾಟಿ ಮನೆಗೆ ನಡೆದ. ಎರಡು ತಿಂಗಳಲ್ಲಿ ತಾನು ಒಂದು ದಿನವೂ ಲಾರಿ ಓಡಿಸಿರಲಿಲ್ಲ ಎಂದು ಅವನಿಗೆ ಆ ಹತ್ತು ನಿಮಿಷದಲ್ಲಿ ಗೊತ್ತಾಗಿತ್ತು. ಅವನು ಸ್ಟಿಯರಿಂಗ್ ಹಿಡಿದುಕೊಂಡಿದ್ದ, ಅಷ್ಟೇ. ಉಳಿದದ್ದೆಲ್ಲ ಮಾಸ್ತರ ಕಾಲು ಮಾಡಿತ್ತು.

ನಾನು ನೆಟ್ಟಗೆ ಅಮೀರ್‌ಪೇಟೆಗೆ ಹೋದೆ. ನನ್ನ ಸಿಟ್ಟು ಹೇಗಿತ್ತೆಂದರೆ, ಬಸ್ಸಿನಲ್ಲಿ ಕಂಡಕ್ಟರ್ ನನಗೆ ಟಿಕೆಟ್ ಕೊಡಲು ಹೆದರಿದ. ಬಿಳಿ ಅಂಗಿಯ ಮಾಲೀಕರನ್ನು ಅವರ ಶಿಷ್ಯರ ಎದುರಿಗೇ ಮೋಸಗಾರ, ಕಳ್ಳ, ನಮ್ಮವರ ಹೆಸರು ಕೆಡಿಸುವವ ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಹಾಜರಿ ಪುಸ್ತಕ ಮುಚ್ಚಿಟ್ಟು, ಸಿಟ್ಟಿಲ್ಲದೆ ಹೇಳಿದರು:

"ಮೇಡಂ, ನೀವು ಬಂದ ದಿನ ಒಂದು ತಾಸು ಪ್ರಶ್ನಿ ಕೇಳಿದ್ರಿ. ಇವಗ ಏನೂ ಆಗಬಾರದು, ಗಾಬರಿ ಆಗಬಾರದು, ಬಿಸಿಲು ತಾಗಬಾರದು ಅಂದ್ರಿ. ಇವಗ ಓಡಸಾಕ ಬರಬೇಕು ಅಂತ ಒಮ್ಮೆರ ಅಂದ್ರೇನು? ನೀವು ಕೇಳಿದ್ದು ನಾ ಕೊಟ್ಟೀನಿ. ಏನೂ ಆಗಲಿಲ್ಲ."

ಅವರು ಮೋಸಗಾರರೇ, ಅದರಲ್ಲಿ ನನಗೆ ಈಗಲೂ ಅನುಮಾನವಿಲ್ಲ. ಆದರೂ ಬೈಯುವುದನ್ನು ಅಲ್ಲಿಗೇ ಬಿಟ್ಟೆ. ಮೆಟ್ಟಿಲಿಳಿದು ಬಂದೆ. ಕೆಳಗೆ ಆ ಲಾರಿ ತೊಳೆದುಕೊಂಡು ನಿಂತಿತ್ತು.

ಆ ವಾರ ನಾನು ಹೊಸ ಶಾಲೆಯ ಪಟ್ಟಿ ಮಾಡಲು ಕೂತರೆ ತಮ್ಮ ನೋಟುಬುಕ್ಕನ್ನು ಕಣ್ಣೆತ್ತಿಯೂ ನೋಡಲಿಲ್ಲ. ಬೆಳಗಾದರೆ ಮನೆಯಿಂದ ಹೊರಟುಬಿಡುತ್ತಿದ್ದ. ಎಲ್ಲಿಗೆ ಎಂದರೆ "ಇಲ್ಲೇ" ಎನ್ನುತ್ತಿದ್ದ. ಅವನ ಅಂಗಿ ಒಗೆಯುವಾಗ ಅವ್ವನಿಗೆ ಡೀಸೆಲ್ ವಾಸನೆ ಬಂತು. ಊಟಕ್ಕೆ ಕೂತಾಗ ಅಂಗೈಯಲ್ಲಿ ಬೊಬ್ಬೆ ಕಂಡೆ. ಆ ಭಾನುವಾರ ನಾನು ಸಿಕಂದರಾಬಾದಿನಲ್ಲಿ ಬಸ್ಸು ಬದಲಿಸಿ ನಾಚಾರಂಗೆ ಹೋದೆ. ಯಾಕೆ ಹೋದೆ ಎಂದು ಕೇಳಿದರೆ, ತಪ್ಪಾಯಿತು ಎನ್ನಲು ಖಂಡಿತ ಅಲ್ಲ. ಆ ಮುದುಕ ಏನು ಕಲಿಸುತ್ತಿದ್ದಾನೆ ಎಂದು ಪರೀಕ್ಷೆ ಮಾಡಲು.

ಉಸ್ತಾದ್ ಅದೇ ನೆರಳಿನಲ್ಲಿ ಅದೇ ಕುಕ್ಕರಗಾಲಿನಲ್ಲಿ ಕೂತಿದ್ದ. ನಾನು ಹಿಂದಿಯಲ್ಲಿ ಬಾಯಿ ತೆರೆಯುವಷ್ಟರಲ್ಲಿ ಎದ್ದು ನಿಂತ.

"ಬರ್ರಿ ಅಕ್ಕಾರ" ಎಂದ. ಅಚ್ಚ ಕನ್ನಡ, ನಮ್ಮ ಊರ ಕಡೆಯ ಕನ್ನಡ. "ಹಲ್ಲ ಇನ್ನೂ ನಾಕು ಉಳದಾವ್ರಿ. ಲಾರಿ ಕಲಸಾಕ ಅಷ್ಟ ಸಾಕು."

ಭೂಮಿ ಬಾಯಿ ಬಿಡಬಾರದೇ ಅನಿಸಿತು. ಅರ್ಧ ಆಯುಷ್ಯ ಶಹಾಬಾದಿನಿಂದ ಹೈದರಾಬಾದಿಗೆ ಹಾಸುಗಲ್ಲು ಹೇರಿಕೊಂಡು ಬಂದವನಂತೆ. ಹೈದರಾಬಾದಿನ ಎಷ್ಟೋ ಮನೆಗಳ ಹಾಗೆ ನಮ್ಮ ಕ್ವಾರ್ಟರ್ಸಿನ ನೆಲಕ್ಕೂ ಹಾಕಿದ್ದು ಅದೇ ಕಲ್ಲು. ಅವತ್ತು ನಾನಾಡಿದ ಮಾತಿನ ಒಂದಕ್ಷರವೂ ತಪ್ಪದ ಹಾಗೆ ಅವನಿಗೆ ನೆನಪಿತ್ತು.

"ಅವತ್ತ ಯಾಕ ಸುಮ್ಮನ ಇದ್ರಿ?" ಎಂದೆ, ತಪ್ಪು ಅವನದೇ ಎನ್ನುವ ಹಾಗೆ.

"ನೀವು ನನ್ನ ಜೋಡಿ ಎಲ್ಲಿ ಮಾತಾಡಿದ್ರಿ, ತಮ್ಮನ ಜೋಡಿ ಮಾತಾಡಿದ್ರಿ" ಎಂದು ನಕ್ಕ. ಆಮೇಲೆ ಲಾರಿಯ ಎಡಗಡೆಯ ಬಾಗಿಲು ತೆರೆದ. "ಹತ್ತರಿ. ಇವತ್ತ ನನ್ನ ಜಾಗಾದಾಗ ನೀವು ಕೂಡ್ರಿ."

ಸೀರೆ ಎತ್ತಿ ಹಿಡಿದು, ಅಲ್ಲಿ ಇಲ್ಲಿ ಕೈಯೂರಿ ಹತ್ತಿದೆ. ತಮ್ಮ ಡ್ರೈವರ್ ಸೀಟಿನಲ್ಲಿದ್ದ. ನನ್ನನ್ನು ನೋಡಿ ಅವನಿಗೆ ಆಶ್ಚರ್ಯವೂ ಆಗಲಿಲ್ಲ, ಸಂತೋಷವೂ ಆಗಲಿಲ್ಲ. ಲಾರಿ ಹೊರಟಿತು. ಜರ್ಕ್ ಹೊಡೆಯಿತು, ನಡುಗಿತು, ಹೋಯಿತು. ಗೋದಾಮಿನ ಗೋಡೆ ಎದುರಿಗೆ ಬಂದಾಗ ನನ್ನ ಎರಡೂ ಕಾಲು ತಾವಾಗಿಯೇ ತಗಡಿನ ಮೇಲೆ ಬಲವಾಗಿ ಒತ್ತಿದವು.

"ಅಕ್ಕಾ, ಕಾಲ ಎತ್ತಿ ಕೂಡು" ಎಂದ ತಮ್ಮ, ಗೋಡೆಯಿಂದ ಕಣ್ಣು ತೆಗೆಯದೆ. "ಅಲ್ಲಿ ಬ್ರೇಕ್ ಇಲ್ಲ."

ಕಾಲು ಮಡಚಿ ಸೀಟಿನ ಮೇಲೆ ಇಟ್ಟುಕೊಂಡೆ. ತಮ್ಮ ಬ್ರೇಕ್ ಹಾಕಿದ, ಗೋಡೆ ಇನ್ನೂ ಸಾಕಷ್ಟು ದೂರ ಇತ್ತು. ಹಿಂದಕ್ಕೆ ತೆಗೆಯುವ ಮೊದಲು ಅವನು ಇಳಿದು ಹೋದ. ನಡುಗುವ ಆ ಇಂಜಿನ್ನಿನ ಮೇಲೆ ನಾನೊಬ್ಬಳೇ. ಕನ್ನಡಿಯಲ್ಲಿ ಅವನು ಲಾರಿಯ ಹಿಂದೆ ಹೋಗುವುದು ಕಂಡಿತು, ಆಮೇಲೆ ಕಾಣಲಿಲ್ಲ. ಅವನು ಎಲ್ಲಿದ್ದಾನೆ, ಏನು ನೋಡುತ್ತಿದ್ದಾನೆ, ನನಗೆ ಗೊತ್ತಿರಲಿಲ್ಲ. ಅಪ್ಪ ಹೋದ ಮೇಲೆ ಅವನು ಎಲ್ಲಿದ್ದಾನೆಂದು ನನಗೆ ತಿಳಿಯದೆ ಇರಲು ಶುರುವಾದದ್ದೇ ಆ ವಾರದಿಂದ. ಸ್ವಲ್ಪ ಹೊತ್ತಿಗೆ ಇನ್ನೊಂದು ಕಡೆಯಿಂದ ಬಂದು ಹತ್ತಿ, ಲಾರಿಯನ್ನು ನಿಧಾನಕ್ಕೆ ಹಿಂದಕ್ಕೆ ತೆಗೆದು ಹಿಂದಿನ ಗೋಡೆಗೆ ಒಂದು ಮೊಳ ಬಿಟ್ಟು ನಿಲ್ಲಿಸಿದ.

"ಈ ಉಸ್ತಾದನ ಹತ್ರನ ಕಲೀಬೇಕಂತ ನಿನಗ ಮೊದಲ ಅನಿಸಿತ್ತೇನು?" ಎಂದೆ.

"ಹೂಂ. ಇವರು ಹಿಂದ ನಿಂತಿದ್ದು ನನಗ ಕಾಣಲಿಲ್ಲಲ್ಲಾ, ಅವತ್ತ ನನಗ ಭಾಳ ಅಂಜಿಕಿ ಬಂತು ಅಕ್ಕಾ. ಇಲ್ಲೇ ಕಲೀಬೇಕು ಅನಿಸ್ತು. ಅಮೀರ್‌ಪೇಟೆದಾಗ ಅಂಜಿಕೀನ ಬರಲಿಲ್ಲ."

"ಮತ್ತ ಹೇಳಬೇಕಿಲ್ಲೋ?"

ಅವನು ಇಂಜಿನ್ ಬಂದ್ ಮಾಡಿದ. "ನೀ ಎಲ್ಲಾರನ್ನೂ ಕೇಳಿದಿ. ನನ್ನನ್ನ ಕೇಳಿದೇನು?"

ನೋಟುಬುಕ್ಕಿನಲ್ಲಿ ಐದು ಕಾಲಮ್ಮುಗಳಿದ್ದವು. ಕಲಿಯುವವನಿಗೆ ಒಂದೂ ಇರಲಿಲ್ಲ. ಮೇಕೆಯ ಶಾಲೆಯನ್ನು ನೋಡಿ ನಕ್ಕೆ, ಬೈಗುಳದ ಶಾಲೆಯನ್ನು ಬೈದೆ, ಬಿಳಿ ಅಂಗಿಯವರಿಗೆ ಛೀಮಾರಿ ಹಾಕಿದೆ. ಅಪ್ಪ ಹೋದಾಗಿನಿಂದ ಇವನ ಪಕ್ಕದ ಸೀಟಿನಲ್ಲಿ ಕೈಕಟ್ಟಿ ಕೂತು, ಕೆಳಗೆ ಯಾರಿಗೂ ಕಾಣದ ಹಾಗೆ ಎಲ್ಲವನ್ನೂ ಒತ್ತುತ್ತ ಬಂದವಳು ಯಾರು? ಇವನ ಅರ್ಜಿ, ಇವನ ಓದು, ಇವನ ಊಟದ ಹೊತ್ತು. ನನ್ನ ಮೇಲೆ ನನಗೆ ಆ ದಿನ ಹುಟ್ಟಿದ ಅಸಹ್ಯ ಈ ಊರಿನ ಯಾವ ಶಾಲೆಯ ಮೇಲೂ ಹುಟ್ಟಿರಲಿಲ್ಲ. ಇಳಿಯುವಾಗ ಉಸ್ತಾದ್ ಕೈ ಕೊಟ್ಟ. ತಪ್ಪಾಯಿತು ಎಂದೆ, ಕನ್ನಡದಲ್ಲಿ. ಅವನು ಎಲೆಗೆ ಸುಣ್ಣ ಹಚ್ಚುತ್ತ ಇರಲಿ ಇರಲಿ ಎಂದ.

ಎರಡನೆಯ ಪರೀಕ್ಷೆಯ ದಿನ ಬೆಳಗ್ಗೆ ತಮ್ಮ ಬೂಟಿನ ದಾರ ಕಟ್ಟುತ್ತಿದ್ದ. ಕನ್ನಡಿ ನೋಡು, ಕ್ಲಚ್ ಮೆಲ್ಲಗೆ ಬಿಡು, ಗಾಬರಿಯಾಗಬೇಡ, ನೀರು ಕುಡಿದು ಹೋಗು ಎಂಬುದೆಲ್ಲ ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು, "ನಾ ಬರಲೇನು?" ಎಂದು ಕೇಳಿದೆ.

ಅವನು ಇನ್ನೊಂದು ಬೂಟಿನ ದಾರ ಬಿಗಿದು, "ಬ್ಯಾಡ" ಎಂದ.

ಕಚೇರಿಗೆ ಹೋದೆ. ಅನಂತಪುರದ ಒಂದು ಕಾಗದವನ್ನು ನಾಲ್ಕು ಸಲ ತಪ್ಪು ಟೈಪ್ ಮಾಡಿದೆ. ಸಂಜೆ ಮನೆಗೆ ಬಂದಾಗ ಅವ್ವ ಬಾಗಿಲಲ್ಲೇ ನಿಂತು ಪಕ್ಕದ ಮನೆಯವರಿಗೆ ಕೂಗಿ ಹೇಳುತ್ತಿದ್ದಳು: "ನಮ್ಮ ಹುಡುಗ ಡ್ರೈವರ್ ಆದನ್ರೀ!" ಒಳಗೆ ತಮ್ಮ ಊಟಕ್ಕೆ ಕೂತಿದ್ದ. ಲಾರಿ ಎರಡು ಸಲ ಜರ್ಕ್ ಹೊಡೆಯಿತಂತೆ. ಕಟ್ಟೆಯ ಹತ್ತಿರ ಅವನು ಇಳಿದು ಹಿಂದೆ ಹೋಗಿ ನೋಡಿ ಬಂದದ್ದನ್ನು ಕಂಡು ಮುಖ್ಯಸ್ಥರು, ಇದನ್ನು ಯಾರು ಕಲಿಸಿದರು ಎಂದು ಕೇಳಿದರಂತೆ. ಈ ಸಲ ಅವರು ಹೊರಗೆ ನಿಲ್ಲದೆ ಅವನ ಪಕ್ಕದಲ್ಲೇ ಕೂತಿದ್ದರು.

"ಕಟ್ಟಿ ಹತ್ರ ಬಂದಂಗ ಅವರೂ ನಿನ್ನಂಗ ಕಾಲಿಲೆ ಒತ್ತಾಕತ್ತಿದ್ದರು ಅಕ್ಕಾ" ಎಂದ, ರೊಟ್ಟಿ ಮುರಿಯುತ್ತ. "ಅವರಿಗೂ ಹೇಳಿದೆ, ಕಾಲ ಎತ್ತಿ ಕೂಡ್ರಿ ಸಾಹೇಬ್ರ, ಅಲ್ಲಿ ಬ್ರೇಕ್ ಇಲ್ಲ ಅಂತ."

ಅವ್ವ ಕಣ್ಣೊರೆಸಿಕೊಳ್ಳುವಷ್ಟು ನಕ್ಕಳು. ನಾನೂ ನಕ್ಕೆ. ನಗುತ್ತಲೇ, ನನ್ನ ಕಾಲು ಎಲ್ಲಿದೆ ಎಂದು ಒಮ್ಮೆ ಕೆಳಗೆ ನೋಡಿಕೊಂಡೆ.